ಬೀಜ, ಕ್ಷೇತ್ರ, ಹಣೆಬರಹ: ವೈನ್‌ಲ್ಯಾಂಡಿನ ಎರಡು ಪುಸ್ತಕಗಳು

೧

ಮನುಷ್ಯನ ಬುದ್ಧಿಶಕ್ತಿ, ನಡತೆ, ಮನಸ್ಸಿನ ಸ್ವಾಸ್ಥ್ಯ ಇವು ಹುಟ್ಟಿನಿಂದ ಬರುವುವೋ ಬೆಳೆದ ರೀತಿಯಿಂದ ಬರುವುವೋ ಎಂಬ ಪ್ರಶ್ನೆ ನಮ್ಮ ಜನಕ್ಕೆ ಹೊಸದಲ್ಲ. ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂದು ಧರ್ಮಶಾಸ್ತ್ರಕಾರರು ಚರ್ಚಿಸಿದ್ದಾರೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’, ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಗಳು ಇಂದಿಗೂ ಜನದ ನಾಲಗೆಯ ಮೇಲಿವೆ. ಈ ಎರಡು ಗಾದೆಗಳೂ ಒಂದೇ ಮಾತನ್ನು ಹೇಳುವಂತೆ ಮೇಲುನೋಟಕ್ಕೆ ತೋರಿದರೂ ಅವುಗಳಲ್ಲಿ ಮುಖ್ಯವಾದೊಂದು ವ್ಯತ್ಯಾಸವುಂಟು. ಮಗಳು ತಾಯಿಯಂತಿರುವಳೆಂಬುದು ಒಂದು ಲಕ್ಷಣ ಎಲ್ಲಿಂದ ಬಂದಿತೆಂಬುದನ್ನು ಹೇಳುವ ಮಾತು. ಸುಟ್ಟರೂ ಹೋಗದೆಂಬುದು ಆ ಲಕ್ಷಣ ಮುಂದೇನಾಗುವುದೆಂಬುದನ್ನು ಹೇಳುವ ಮಾತು. ಮೊದಲನೆಯದು ಮೂಲದ ವಿಚಾರ. ಎರಡನೆಯದು ಗತಿಯ ವಿಚಾರ. ಮೊದಲನೆಯದನ್ನು ಒಪ್ಪಿದವರು ಎರಡನೆಯದನ್ನೂ ಒಪ್ಪಲೇಬೇಕೆಂಬ ನಿಯಮವಿಲ್ಲ. ಹೀಗಿದ್ದರೂ ಜನಸಾಮಾನ್ಯರು ಮಾತ್ರವಲ್ಲದೆ ಶಾಸ್ತ್ರಜ್ಞರೂ ಎರಡನ್ನೂ ಒಂದೇ ಎಂದು ಭಾವಿಸಿ ನಡೆದ ಕಾಲವೊಂದಿತ್ತು. ಆ ಭ್ರಾಂತಿ ಇನ್ನೂ ಪೂರ್ತಿಯಾಗಿ ಕಳೆದಿಲ್ಲ.

ಪ್ರಸ್ತುತ ಲೇಖನದಲ್ಲಿ ಎರಡು ಪುಸ್ತಕಗಳನ್ನು ಎದುರುಬದುರಾಗಿಟ್ಟು ಈ ಭ್ರಾಂತಿಯ ಸ್ವರೂಪವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ. ಒಂದು, ಮನಶ್ಶಾಸ್ತ್ರಜ್ಞನಾದ ಹೆನ್ರಿ ಗೊಡಾರ್ಡನು ೧೯೧೨ರಲ್ಲಿ ಪ್ರಕಟಿಸಿದ ‘ದಿ ಕಾಲಿಕಾಕ್ ಫ್ಯಾಮಿಲಿ’. ಇನ್ನೊಂದು, ನೊಬೆಲ್ ಪಾರಿತೋಷಕ ಪಡೆದ ಕಾದಂಬರಿಕಾರ್ತಿ ಪರ್ಲ್ ಬಕ್ ೧೯೫೦ರಲ್ಲಿ ಪ್ರಕಟಿಸಿದ ‘ದಿ ಚೈಲ್ಡ್ ಹೂ ನೆವರ್ ಗ್ರೂ’, ಎಂದರೆ ‘ಎಂದೂ ಬೆಳೆಯದ ಮಗು’. ಒಂದು ಶಾಸ್ತ್ರಗ್ರಂಥವೆನಿಸಿಕೊಂಡದ್ದು, ಇನ್ನೊಂದು ತಾಯಿಯೊಬ್ಬಳ ನಿವೇದನೆ. ಇವೆರಡನ್ನೂ ಒಟ್ಟಿಗೆ ಓದಲು ನಮ್ಮನ್ನು ಪ್ರೇರಿಸುವ ಸಂಗತಿಯೆಂದರೆ, ಎರಡರ ಹಿಂದೆಯೂ ಇರುವುದು ಒಂದೇ ಸಂಸ್ಥೆ. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ, ಆ ಕಾಲದ ಮಾತಿನಲ್ಲಿ ಹೇಳುವುದಾದರೆ ‘ಮಂದಬುದ್ಧಿ’ಯ ಮಕ್ಕಳಿಗಾಗಿ, ೧೮೮೮ರಲ್ಲಿ ಸ್ಥಾಪಿತವಾದ ಶಾಲೆಯದು. ‘ಮಂದಬುದ್ಧಿ’ ಎಂಬ ಶಬ್ದವನ್ನು ಈಗ ಯಾರೂ ಶಾಸ್ತ್ರಾರ್ಥದಲ್ಲಿ ಬಳಸುವುದಿಲ್ಲ. ಬೌದ್ಧಿಕ ಅಸಾಮರ್ಥ್ಯವೆಂದು ಹೇಳುವುದು ಇಂದಿನ ರೂಢಿ. ಗ್ರಂಥದ ಮಾತನ್ನು ಅನುಸರಿಸಬೇಕಾದಲ್ಲಿ ಮಾತ್ರ ನಾವು ಹಳೆಯ ಶಬ್ದವನ್ನು ಉಳಿಸಿಕೊಂಡಿದ್ದೇವೆ.

೨

ಗೊಡಾರ್ಡನು ೧೯೦೬ರಲ್ಲಿ ವೈನ್‌ಲ್ಯಾಂಡ್ ಶಾಲೆಯ ಸಂಶೋಧನಾ ವಿಭಾಗದ ನಿರ್ದೇಶಕನಾಗಿ ಬಂದನು. ಫ್ರಾನ್ಸಿನ ಬಿನೆ ಮತ್ತು ಸಿಮೋನ್ ರೂಪಿಸಿದ ಬುದ್ಧಿಪರೀಕ್ಷೆಯನ್ನು ಅಮೆರಿಕಕ್ಕೆ ತಂದು ಪ್ರಚಾರಗೊಳಿಸಿದವನು ಅವನೇ. ಮೆಂಡೆಲನ ನಿಯಮಗಳು ೧೯೦೦ರಲ್ಲಿ ಮತ್ತೆ ಬೆಳಕಿಗೆ ಬಂದಿದ್ದ ಆ ಕಾಲದಲ್ಲಿ ಬಟಾಣಿಯ ಗಿಡದಲ್ಲಿ ಕಂಡ ಕ್ರಮವನ್ನು ಮನುಷ್ಯನ ಸಕಲ ಗುಣಗಳಿಗೂ ಹೊಂದಿಸಿ ನೋಡುವ ಉತ್ಸಾಹ ವಿದ್ವಾಂಸರಲ್ಲಿ ತುಂಬಿತ್ತು. ಬುದ್ಧಿಮಾಂದ್ಯವು ಒಂದೇ ಒಂದು ಆನುವಂಶಿಕ ಘಟಕದ ಫಲವೆಂದೂ, ಅದು ಬಟಾಣಿಯ ಕುಳ್ಳುತನದಂತೆ ಪೀಳಿಗೆಯಿಂದ ಪೀಳಿಗೆಗೆ ಲೆಕ್ಕಾಚಾರವಾಗಿ ಇಳಿದು ಬರುವುದೆಂದೂ ಗೊಡಾರ್ಡನು ನಂಬಿದನು. ಆ ನಂಬಿಕೆಗೆ ಅವನು ಕಂಡುಕೊಂಡ ದೃಷ್ಟಾಂತವೇ ಕಾಲಿಕಾಕ್ ಕುಟುಂಬ.

ಗ್ರಂಥದ ಕೇಂದ್ರದಲ್ಲಿ ಡೆಬೊರಾ ಎಂಬ ಕಲ್ಪಿತ ನಾಮದ ತರುಣಿಯಿದ್ದಾಳೆ. ಅನಾಥಾಲಯದಂಥ ಒಂದು ದರಿದ್ರಾಶ್ರಮದಲ್ಲಿ ಹುಟ್ಟಿದ ಈಕೆ ೧೮೯೭ರಲ್ಲಿ, ತನ್ನ ಎಂಟನೆಯ ವಯಸ್ಸಿನಲ್ಲಿ, ಶಾಲೆಗೆ ಸೇರಿದಳು. ಗ್ರಂಥ ರಚಿತವಾದಾಗ ಆಕೆಗೆ ಇಪ್ಪತ್ತೆರಡು ವರ್ಷ. ಆಕೆಯ ವಂಶದ ಮೂಲವನ್ನು ಹುಡುಕಲು ಗೊಡಾರ್ಡನು ಎಲಿಜಬೆತ್ ಕೈಟ್ ಎಂಬ ಸಹಾಯಕಿಯನ್ನು ಊರೂರಿಗೆ ಕಳುಹಿಸಿದನು. ಅಲ್ಲಿಂದ ದೊರೆತ ವೃತ್ತಾಂತ ಹೀಗಿದೆ. ಅಮೆರಿಕದ ಸ್ವಾತಂತ್ರ್ಯಸಮರದ ಕಾಲದಲ್ಲಿ ಒಳ್ಳೆಯ ಮನೆತನದ ಸೈನಿಕನೊಬ್ಬ ಪಾನಗೃಹವೊಂದರಲ್ಲಿ ಹೆಸರಿಲ್ಲದ ಮಂದಬುದ್ಧಿಯ ಹುಡುಗಿಯೊಬ್ಬಳನ್ನು ಕೂಡಿ ಒಬ್ಬ ಮಗನನ್ನು ಪಡೆದನು. ಯುದ್ಧ ಮುಗಿದ ಮೇಲೆ ಸತ್ಕುಲದ ಕನ್ಯೆಯೊಬ್ಬಳನ್ನು ಧರ್ಮವಿಧಿಯಂತೆ ಮದುವೆಯಾದನು. ಪಾನಗೃಹದ ಹುಡುಗಿಯ ಸಂತತಿಯಲ್ಲಿ ೪೮೦ ಮಂದಿಯ ಜಾಡು ಸಿಕ್ಕಿತು. ಅವರಲ್ಲಿ ೧೪೩ ಮಂದಿ ಮಂದಬುದ್ಧಿಯವರು, ೪೬ ಮಂದಿ ಮಾತ್ರ ಸಹಜರು. ಧರ್ಮಪತ್ನಿಯ ಸಂತತಿಯಲ್ಲಿ ೪೯೬ ಮಂದಿ ಸಿಕ್ಕಿದರು. ಅವರಲ್ಲಿ ಬಹುತೇಕ ಎಲ್ಲರೂ ವೈದ್ಯರು, ವಕೀಲರು, ನ್ಯಾಯಾಧೀಶರು, ಭೂಮಾಲಿಕರು ಮುಂತಾದ ಸದ್ಗೃಹಸ್ಥರು. ಗ್ರೀಕ್ ಭಾಷೆಯಲ್ಲಿ ಚೆಲುವು ಮತ್ತು ಕೆಡುಕು ಎಂಬ ಅರ್ಥವುಳ್ಳ ಎರಡು ಮಾತುಗಳನ್ನು ಕೂಡಿಸಿ ಗೊಡಾರ್ಡನು ಈ ಕುಟುಂಬಕ್ಕೆ ‘ಕಾಲಿಕಾಕ್’ ಎಂದು ಹೆಸರಿಟ್ಟನು.

ಕಥೆಯ ಕಟ್ಟಡ ಎಷ್ಟು ಅಚ್ಚುಕಟ್ಟಾಗಿದೆಯೆಂಬುದನ್ನು ಯಾವ ಸಾಹಿತ್ಯ ವಿದ್ಯಾರ್ಥಿಯಾದರೂ ಗುರುತಿಸಬಲ್ಲನು. ಒಬ್ಬನೇ ತಂದೆ, ಇಬ್ಬರು ಹೆಂಗಸರು, ಒಂದು ಜಾರುವಿಕೆ, ಎರಡು ಕವಲು, ಆರು ಪೀಳಿಗೆಗಳ ಫಲಾನುಭವ: ಇದು ಪ್ರಯೋಗಶಾಲೆಯ ವರದಿಗಿಂತ ಹೆಚ್ಚಾಗಿ ಒಂದು ನೀತಿಕಥೆಯ ಲಕ್ಷಣವನ್ನು ಪಡೆದಿದೆ. ವಿಮರ್ಶಕನಿಗೆ ಮೊದಲ ಸಂಶಯ ಹುಟ್ಟಬೇಕಾದದ್ದು ಇಲ್ಲಿಯೇ. ಬದುಕು ಇಷ್ಟು ಸಮತೂಕದ ಕಥೆಗಳನ್ನು ಹೆಣೆಯುವುದು ಅಪರೂಪ. ಹಾಗೆ ಹೆಣೆದಂತೆ ಕಂಡಾಗ ಹೆಣೆದವರು ಯಾರೆಂದು ಕೇಳುವುದು ನ್ಯಾಯ.

೩

ಮೊದಲು ಅಂಕಿಗಳನ್ನೇ ನೋಡೋಣ. ೪೮೦ ಮಂದಿಯಲ್ಲಿ ೧೪೩ ಮತ್ತು ೪೬ ಎರಡನ್ನೂ ಕಳೆದರೆ ಉಳಿಯುವವರು ೨೯೧ ಮಂದಿ. ಇವರ ಬುದ್ಧಿಸ್ಥಿತಿ ತಿಳಿಯದು ಅಥವಾ ಸಂದೇಹಾಸ್ಪದವೆಂದು ಗ್ರಂಥಕರ್ತನೇ ಒಪ್ಪುತ್ತಾನೆ. ಎಂದರೆ ಒಟ್ಟು ಸಂಖ್ಯೆಯ ಐದರಲ್ಲಿ ಮೂರು ಪಾಲು ಜನರ ವಿಷಯ ಗೊತ್ತಿಲ್ಲ. ಹೀಗಿದ್ದೂ ಓದುಗನ ಮನಸ್ಸಿನಲ್ಲಿ ಉಳಿಯುವುದು ಒಂದು ಇಡೀ ವಂಶ ಕೆಟ್ಟುಹೋಯಿತೆಂಬ ಚಿತ್ರವೇ. ಇನ್ನು, ಗೊತ್ತಿದೆಯೆಂದು ಹೇಳಿದ ೧೪೩ ಮಂದಿಯಲ್ಲಿಯೂ ಅನೇಕರು ಎಂದೋ ತೀರಿಕೊಂಡವರು. ಅವರನ್ನು ಪರೀಕ್ಷಿಸಿದ್ದು ಬಿನೆಯ ಪರೀಕ್ಷೆಯಿಂದಲ್ಲ. ನೆರೆಹೊರೆಯ ಮುದುಕರ ನೆನಪಿನಿಂದ. ಬದುಕಿದ್ದವರ ವಿಷಯದಲ್ಲಿಯೂ ಹಲವೆಡೆ ಸಹಾಯಕಿಯ ಒಂದು ನೋಟವೇ ಸಾಕಾಯಿತು. ಚಳಿಗಾಲದ ದಿನ ಗುಡಿಸಲೊಂದಕ್ಕೆ ಹೋಗಿ, ಹರಕು ಬಟ್ಟೆಯ ಮಕ್ಕಳನ್ನೂ ಕೊಳೆಯಾದ ಪಾತ್ರೆಗಳನ್ನೂ ಕಂಡು, ಆ ಮನೆಯವರ ಬುದ್ಧಿಯ ಮಟ್ಟವನ್ನು ಅಲ್ಲಿಯೇ ನಿರ್ಣಯಿಸಿಬಿಡುವ ಭಾಗಗಳನ್ನು ಇಂದು ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಬಡತನದ ವರ್ಣನೆಯನ್ನೇ ಬುದ್ಧಿಮಾಂದ್ಯದ ಪ್ರಮಾಣವನ್ನಾಗಿ ಇಲ್ಲಿ ಮಾಡಿಕೊಳ್ಳಲಾಗಿದೆ. ಈ ಶಾಖೆಯಲ್ಲಿ ೮೨ ಶಿಶುಗಳು ಎಳವೆಯಲ್ಲೇ ಸತ್ತುವೆಂಬುದನ್ನೂ ಗೊಡಾರ್ಡನು ವಂಶದ ದೋಷಗಳ ಪಟ್ಟಿಯಲ್ಲಿ ಸೇರಿಸುತ್ತಾನೆ. ಹಸಿವು, ಚಳಿ, ರೋಗಗಳಿಂದ ಸತ್ತ ಮಕ್ಕಳನ್ನು ಬೀಜದ ಲೆಕ್ಕಕ್ಕೆ ಬರೆದದ್ದು ಶಾಸ್ತ್ರವಲ್ಲ.

ಎರಡನೆಯದಾಗಿ, ಗ್ರಂಥದೊಳಗಿನ ಸಾಕ್ಷ್ಯವೇ ಗ್ರಂಥದ ಸಿದ್ಧಾಂತಕ್ಕೆ ವಿರುದ್ಧವಾಗಿದೆ. ಶಾಲೆಯ ವಾರ್ಷಿಕ ಟಿಪ್ಪಣಿಗಳನ್ನು ಗೊಡಾರ್ಡನು ಪ್ರಾಮಾಣಿಕವಾಗಿ ಉದ್ಧರಿಸಿದ್ದಾನೆ. ಅವುಗಳ ಪ್ರಕಾರ ಡೆಬೊರಾ ಮರಗೆತ್ತನೆ ಕಲಿತಳು, ಕುರ್ಚಿ ಮಾಡಿದಳು, ಹೊಲಿಗೆಯ ಯಂತ್ರ ನಡೆಸಿದಳು, ವಾದ್ಯಮೇಳದಲ್ಲಿ ತುತ್ತೂರಿ ಊದಿದಳು, ಚಿಕ್ಕ ಮಕ್ಕಳನ್ನು ನೋಡಿಕೊಂಡಳು. ಓದು ಮತ್ತು ಲೆಕ್ಕ ಮಾತ್ರ ಆಕೆಗೆ ಹತ್ತಲಿಲ್ಲ. ಬಿನೆಯ ಅಳತೆಯಲ್ಲಿ ಆಕೆಯ ಮಾನಸಿಕ ವಯಸ್ಸು ಒಂಬತ್ತೆಂದು ಬಂದಿತು. ಕೈಕೆಲಸದಲ್ಲಿ ನಿಪುಣಳಾದ ಈ ತರುಣಿ ಹೊರಜಗತ್ತಿಗೆ ಹೋದರೆ ಕೆಡುವುದು ನಿಶ್ಚಯವೆಂಬ ತೀರ್ಮಾನಕ್ಕೆ ಗ್ರಂಥಕರ್ತನು ಬರುವುದು ಆಕೆಯಲ್ಲಿ ಕಂಡ ಯಾವ ದೋಷದಿಂದಲೂ ಅಲ್ಲ, ವಂಶದ ಕಥೆಯಿಂದ. ವಂಶದ ಕಥೆಯನ್ನು ಸಿದ್ಧಪಡಿಸಲು ಆಕೆಯ ಬುದ್ಧಿಮಾಂದ್ಯ ಆಧಾರ. ಆಕೆಯ ಬುದ್ಧಿಮಾಂದ್ಯದ ಅರ್ಥವನ್ನು ಹೇಳಲು ವಂಶದ ಕಥೆ ಆಧಾರ. ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯ ದೋಷವೆನ್ನುತ್ತಾರೆ.

ಮೂರನೆಯದಾಗಿ, ಕಥೆಯ ಬುಡವೇ ನಿಲ್ಲಲಿಲ್ಲ. ಮನಶ್ಶಾಸ್ತ್ರದ ಚರಿತ್ರಕಾರರು ೧೯೮೦ರ ದಶಕದಿಂದ ಈ ಕುಟುಂಬದ ನಿಜವಾದ ದಾಖಲೆಗಳನ್ನು ಹುಡುಕಿದರು. ‘ಕೆಟ್ಟ’ ಶಾಖೆಯಲ್ಲಿ ಜಮೀನುದಾರರೂ ಉಪಾಧ್ಯಾಯರೂ ಇದ್ದರೆಂಬುದು ಹೊರಬಿತ್ತು. ೨೦೦೧ರಲ್ಲಿ ವಂಶಾವಳಿಯ ಶೋಧಕರು ಇನ್ನೂ ಮುಂದೆ ಹೋಗಿ, ಆ ಶಾಖೆಯ ಮೂಲಪುರುಷನು ಪಾನಗೃಹದ ಸಂತಾನವೇ ಅಲ್ಲ, ಬೇರೆ ದಂಪತಿಗಳಿಗೆ ಧರ್ಮವಿಧಿಯಿಂದ ಹುಟ್ಟಿದ ಮಗನೆಂದು ತೋರಿಸಿದರು. ಹೆಸರಿಲ್ಲದ ಆ ಹುಡುಗಿ ಕಥೆಗೆ ಬೇಕಾಗಿ ಬಂದವಳು.

ಇಷ್ಟನ್ನು ಹೇಳಿದ ಮೇಲೆ ಗೊಡಾರ್ಡನಿಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸಬೇಕು. ಗ್ರಂಥದ ಭಾವಚಿತ್ರಗಳಲ್ಲಿ ಬಡ ಕುಟುಂಬದವರ ಕಣ್ಣು ಬಾಯಿಗಳನ್ನು ಕರಾಳವಾಗಿ ತಿದ್ದಿದ್ದಾನೆಂದು ಸ್ಟೀಫನ್ ಜೆ ಗೂಲ್ಡ್ ೧೯೮೧ರಲ್ಲಿ ಆರೋಪಿಸಿದನು. ಮಸಕಾದ ಚಿತ್ರಗಳನ್ನು ಮುದ್ರಣಕ್ಕಾಗಿ ತಿದ್ದುವುದು ಆ ಕಾಲದ ಸಾಮಾನ್ಯ ಪದ್ಧತಿಯೆಂದು ರೇಮಂಡ್ ಫಾಂಚರ್ ೧೯೮೭ರಲ್ಲಿ ಉತ್ತರ ಕೊಟ್ಟನು. ನಮಗೆ ಎರಡನೆಯ ಮಾತು ಹೆಚ್ಚು ಸಂಭಾವ್ಯವೆಂದು ತೋರುತ್ತದೆ. ಮೋಸ ಮಾಡುವವನು ತನ್ನ ಸಿದ್ಧಾಂತಕ್ಕೆ ಎದುರಾದ ಶಾಲೆಯ ಟಿಪ್ಪಣಿಗಳನ್ನು ಅಚ್ಚು ಹಾಕಿಸುತ್ತಿರಲಿಲ್ಲ. ಗೊಡಾರ್ಡನ ತಪ್ಪು ಮೋಸಗಾರನ ತಪ್ಪಲ್ಲ. ಮೊದಲೇ ಉತ್ತರ ತಿಳಿದುಕೊಂಡು ಓದುವವನ ತಪ್ಪು. ಅದು ಹೆಚ್ಚು ವ್ಯಾಪಕವಾದದ್ದು, ಆದಕಾರಣ ಹೆಚ್ಚು ಅಪಾಯಕರವಾದದ್ದು. ೧೯೨೮ರ ವೇಳೆಗೆ ಅವನೇ ತನ್ನ ಅಭಿಪ್ರಾಯವನ್ನು ಬಹುಮಟ್ಟಿಗೆ ಬದಲಾಯಿಸಿಕೊಂಡು, ಇಂಥವರಿಗೆ ಶಿಕ್ಷಣ ಕೊಡಬಹುದೆಂದೂ ಎಲ್ಲರನ್ನೂ ಸಂಸ್ಥೆಗಳಲ್ಲಿ ಕೂಡಿಹಾಕಬೇಕಾಗಿಲ್ಲವೆಂದೂ ಬಹಿರಂಗವಾಗಿ ಒಪ್ಪಿಕೊಂಡನು.

ಆದರೆ ಪುಸ್ತಕ ಅಷ್ಟರಲ್ಲಿ ಕರ್ತೃವಿನ ಕೈ ಮೀರಿ ಹೋಗಿತ್ತು. ಇಂಥ ಜನರನ್ನು ವಸಾಹತುಗಳಲ್ಲಿ ಪ್ರತ್ಯೇಕಿಸಿಡಬೇಕು, ಅದು ಸಾಧ್ಯವಾಗುವವರೆಗೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಆಶ್ರಯಿಸಬಹುದು ಎಂಬ ಅದರ ಕೊನೆಯ ಅಧ್ಯಾಯದ ಸಲಹೆಗೆ ಕಾಲ ಅನುಕೂಲವಾಗಿತ್ತು. ಸುಪ್ರಜನನಶಾಸ್ತ್ರದ ಹೆಸರಿನಲ್ಲಿ ನಡೆಯುತ್ತಿದ್ದ ಬಲಾತ್ಕಾರದ ಸಂತಾನಹರಣವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೨೭ರಲ್ಲಿ ಎತ್ತಿಹಿಡಿಯಿತು. ಆ ದೇಶದಲ್ಲಿ ಒಟ್ಟು ೬೦,೦೦೦ಕ್ಕೂ ಹೆಚ್ಚು ಮಂದಿ ಅದಕ್ಕೆ ಗುರಿಯಾದರು. ೧೯೧೪ರಲ್ಲಿಯೇ ಪುಸ್ತಕ ಜರ್ಮನ್ ಭಾಷೆಗೆ ಬಂದಿತ್ತು. ೧೯೩೩ರ ನಾಟ್ಸಿ ಕಾನೂನಿನ ಕೆಳಗೆ ಅಲ್ಲಿ ಸುಮಾರು ನಾಲ್ಕು ಲಕ್ಷ ಜನರ ಸಂತಾನಶಕ್ತಿ ಹರಣವಾಯಿತು. ಈ ಎಲ್ಲ ಅನಾಹುತಕ್ಕೂ ಒಂದು ಪುಸ್ತಕವೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಅಂಥ ಕಾನೂನುಗಳನ್ನು ಸುಶಿಕ್ಷಿತರು ನೆಮ್ಮದಿಯಿಂದ ಒಪ್ಪಿಕೊಳ್ಳುವಂತೆ ಮಾಡಿದ ಕಥೆಗಳಲ್ಲಿ ಇದು ಮುಖ್ಯವಾದದ್ದು ಎಂದರೆ ಸಾಕು.

೪

ಇದೇ ಶಾಲೆಯ ಬಾಗಿಲಿಗೆ ೧೯೨೯ರಲ್ಲಿ ಪರ್ಲ್ ಬಕ್ ತನ್ನ ಒಂಬತ್ತು ವರ್ಷದ ಮಗಳನ್ನು ಕರೆತಂದಳು. ಚೀನಾದಲ್ಲಿ ೧೯೨೦ರಲ್ಲಿ ಹುಟ್ಟಿದ ಆ ಮಗು ನೋಡಲು ಚೆಲುವಾಗಿತ್ತು. ಮೂರು ವರ್ಷವಾದರೂ ಮಾತು ಬಾರದಿದ್ದಾಗ ತಾಯಿಗೆ ಕಳವಳವಾಯಿತು. ಕಾರಣ ತಿಳಿಯಲು ಆಕೆ ದೇಶದೇಶಗಳ ವೈದ್ಯರನ್ನು ಕಂಡಳು. ಕೊನೆಗೆ ಅಮೆರಿಕದ ಪ್ರಸಿದ್ಧ ಚಿಕಿತ್ಸಾಲಯವೊಂದರಲ್ಲಿ, ದೊಡ್ಡ ವೈದ್ಯರು ಮೃದುವಾದ ಮಾತುಗಳನ್ನಾಡಿ ಕಳುಹಿಸಿದ ಮೇಲೆ, ಹೊರಗಿನ ಪಡಸಾಲೆಯಲ್ಲಿ ಮತ್ತೊಬ್ಬ ವೈದ್ಯನು ಆಕೆಯನ್ನು ತಡೆದು, ಈ ಮಗು ಎಂದಿಗೂ ಸರಿಹೋಗದೆಂದೂ ಆಸೆಯನ್ನು ಬಿಟ್ಟು ನಿಜವನ್ನು ಎದುರಿಸಬೇಕೆಂದೂ ನಿಷ್ಠುರವಾಗಿ ಹೇಳಿದನು. ಆ ನಿಷ್ಠುರತೆಗಾಗಿ ತಾನು ಅವನಿಗೆ ಋಣಿಯೆಂದು ಆಕೆ ಬರೆಯುತ್ತಾಳೆ.

ಆಕೆ ಇದನ್ನು ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದಳು. ೧೯೩೧ರಲ್ಲಿ ಪ್ರಕಟವಾದ ‘ದಿ ಗುಡ್ ಅರ್ಥ್’ ಕಾದಂಬರಿಯಲ್ಲಿ ರೈತ ವಾಂಗ್ ಲುಂಗನ ಹಿರಿಯ ಮಗಳು ಮಾತು ಬಾರದ, ಬುದ್ಧಿ ಬೆಳೆಯದ ಹುಡುಗಿ. ಆಕೆಗೆ ಕಥೆಯಲ್ಲಿ ಹೆಸರಿಲ್ಲ. ತಾನು ಸತ್ತ ಮೇಲೆ ಮಗಳ ಗತಿಯೇನೆಂದು ಚಿಂತಿಸಿ ವಾಂಗ್ ಲುಂಗನು ವಿಷದ ಪೊಟ್ಟಣವನ್ನು ತೆಗೆದಿಡುವ ಪ್ರಸಂಗವನ್ನು ಓದಿದವರು ಮರೆಯಲಾರರು. ಆ ಪ್ರಸಂಗದ ಹಿಂದಿದ್ದ ತಾಯಿಯ ಚಿಂತೆ ಓದುಗರಿಗೆ ತಿಳಿದದ್ದು ೧೯೫೦ರಲ್ಲಿ. ಮಗಳ ಜೀವಿತಕಾಲದ ಆರೈಕೆಗೆ ಹಣ ಬೇಕಾಗಿತ್ತು. ಅದಕ್ಕಾಗಿ ಆಕೆ ಸಾಲ ಮಾಡಿದಳು, ಬರೆದಳು. ಪ್ರಸಿದ್ಧಿಗೆ ಬಂದ ಮೇಲೆ ಶಾಲೆಯ ಕಾರ್ಯಕ್ಕೂ ನೆರವಾದಳು.

‘ದಿ ಚೈಲ್ಡ್ ಹೂ ನೆವರ್ ಗ್ರೂ’ ಚಿಕ್ಕ ಪುಸ್ತಕ. ಅದರಲ್ಲಿ ವಂಶವೃಕ್ಷದ ಚಿತ್ರವಿಲ್ಲ, ಅಂಕಿಗಳಿಲ್ಲ, ಸಿದ್ಧಾಂತವಿಲ್ಲ. ಇದ್ದದ್ದು ಒಂದು ಮಗುವನ್ನು ದಿನದಿನವೂ ನೋಡಿದವಳ ನೋಟ. ಮಗಳಿಗೆ ಓದು ಬರೆಹ ಕಲಿಸಲು ತಾನು ಹಟ ಹಿಡಿದದ್ದು, ಬರೆಯುವಾಗ ಆ ಪುಟ್ಟ ಕೈ ಬೆವರಿನಿಂದ ತೊಯ್ದಿದ್ದುದನ್ನು ಕಂಡು ತನಗಾಗಿ ಮಗು ಪಡುತ್ತಿದ್ದ ಶ್ರಮ ಅರಿವಾದದ್ದು, ಆ ಕ್ಷಣದಲ್ಲಿ ಪುಸ್ತಕಗಳನ್ನು ಶಾಶ್ವತವಾಗಿ ಎತ್ತಿಟ್ಟದ್ದು ಇವು ಅದರ ಸಾಕ್ಷ್ಯಗಳು. ಗೊಡಾರ್ಡನ ಗ್ರಂಥದಲ್ಲಿ ವ್ಯಕ್ತಿ ವಂಶದ ಉದಾಹರಣೆಯಾಗಿ ಬರುತ್ತಾಳೆ; ಇಲ್ಲಿ ವ್ಯಕ್ತಿ ವ್ಯಕ್ತಿಯಾಗಿಯೇ ಉಳಿಯುತ್ತಾಳೆ. ಮಕ್ಕಳ ಸಂತೋಷ ಮೊದಲು, ಉಳಿದದ್ದು ಆಮೇಲೆ ಎಂಬ ಶಾಲೆಯ ಧ್ಯೇಯವನ್ನೂ ಅದರ ಮುಖ್ಯಸ್ಥ ಎಡ್ವರ್ಡ್ ಜಾನ್‌ಸ್ಟನ್‌ನ ಅಕ್ಕರೆಯನ್ನೂ ಆಕೆ ತುಂಬು ಕೃತಜ್ಞತೆಯಿಂದ ವರ್ಣಿಸುತ್ತಾಳೆ. ಗೊಡಾರ್ಡನನ್ನು ಸಂಶೋಧನೆಗೆಂದು ಕರೆತಂದವನೂ ಇದೇ ಜಾನ್‌ಸ್ಟನ್. ಒಂದೇ ಸೂರಿನ ಕೆಳಗೆ ಇಷ್ಟು ಕರುಣೆಯೂ ಅಷ್ಟು ಕಠೋರವಾದ ಸಿದ್ಧಾಂತವೂ ಕೂಡಿ ಬಾಳಿದುವೆಂಬುದು ಯೋಚಿಸತಕ್ಕ ವಿಷಯ.

ಆದರೆ ತಾಯಿಯ ಪುಸ್ತಕವನ್ನೂ ನಾವು ವಿಮರ್ಶೆಯಿಂದ ಹೊರಗಿಡಲಾಗದು. ‘ವಂಶದಲ್ಲಿ ಏನೋ ಇದೆ’ ಎಂಬ ಹಳೆಯ ಕಳಂಕ ಬಹುಮಟ್ಟಿಗೆ ಅನ್ಯಾಯವಾದದ್ದೆಂದೂ ಇಂಥ ಮಕ್ಕಳಲ್ಲಿ ಅನೇಕರ ಸ್ಥಿತಿಗೆ ಅನುವಂಶೀಯತೆ ಕಾರಣವಲ್ಲವೆಂದೂ ಪರ್ಲ್ ಬಕ್ ವಾದಿಸುತ್ತಾಳೆ. ಕಾಲಿಕಾಕ್ ಕಥೆಯ ನೆರಳಿನಲ್ಲಿ ನಾಚಿಕೊಂಡು ಬದುಕುತ್ತಿದ್ದ ಸಾವಿರಾರು ತಂದೆತಾಯಿಗಳಿಗೆ ಈ ಮಾತು ಎಷ್ಟು ಸಮಾಧಾನ ಕೊಟ್ಟಿರಬೇಕೆಂಬುದನ್ನು ನಾವು ಊಹಿಸಬಲ್ಲೆವು. ಆದರೂ ಸೂಕ್ಷ್ಮವಾಗಿ ನೋಡಿದರೆ ಗೊಡಾರ್ಡನ ಮೂಲಪ್ರಮೇಯ ಇಲ್ಲಿ ಅಲುಗಾಡದೆ ಉಳಿದಿದೆ. ಆನುವಂಶಿಕವಾದರೆ ಅದು ಕಳಂಕ, ಆನುವಂಶಿಕವಾದರೆ ಅದಕ್ಕೆ ಪರಿಹಾರವಿಲ್ಲ ಎಂಬುದೇ ಆ ಪ್ರಮೇಯ. ಗೊಡಾರ್ಡನು ಅದನ್ನು ಹಿಡಿದು ಆರೋಪ ಹೊರಿಸಿದನು; ಪರ್ಲ್ ಬಕ್ ಅದನ್ನೇ ಹಿಡಿದು ಆರೋಪವನ್ನು ನಿರಾಕರಿಸಿದಳು.

೫

ಈ ಪ್ರಮೇಯವನ್ನು ಒಡೆದದ್ದು ವಾದವಲ್ಲ, ರಸಾಯನಶಾಸ್ತ್ರ. ೧೯೩೪ರಲ್ಲಿ ನಾರ್ವೆ ದೇಶದ ವೈದ್ಯ ಆಸ್ಬ್ಯೊರ್ನ್ ಫೋಲಿಂಗನ ಬಳಿಗೆ ತಾಯಿಯೊಬ್ಬಳು ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳನ್ನು ಕರೆತಂದಳು. ಮಕ್ಕಳ ಮೈಯಿಂದ ಬರುವ ಒಂದು ಬಗೆಯ ಮುಗ್ಗಲು ವಾಸನೆ ಏನೆಂಬ ಆಕೆಯ ಪ್ರಶ್ನೆಗೆ ಉಳಿದ ವೈದ್ಯರು ಕಿವಿಗೊಟ್ಟಿರಲಿಲ್ಲ. ಫೋಲಿಂಗನು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿ ನೋಡಿದಾಗ ಅದು ಹಸುರು ಬಣ್ಣಕ್ಕೆ ತಿರುಗಿತು. ಅದರಲ್ಲಿದ್ದ ಅಪರೂಪದ ಆಮ್ಲವನ್ನು ಅವನು ಬೇರ್ಪಡಿಸಿ ಗುರುತಿಸಿದನು. ಸಂಸ್ಥೆಗಳಲ್ಲಿದ್ದ ೪೩೦ ಮಂದಿಯನ್ನು ಪರೀಕ್ಷಿಸಿ ಇನ್ನೂ ಎಂಟು ಮಂದಿಯಲ್ಲಿ ಅದನ್ನೇ ಕಂಡನು. ಈ ರೋಗಕ್ಕೆ ಮುಂದೆ ಫೀನೈಲ್‌ಕೀಟೋನ್ಯೂರಿಯ ಎಂಬ ಹೆಸರು ಬಂದಿತು.

ರೋಗದ ಕಾರ್ಯಕ್ರಮ ಹೀಗಿದೆ. ಹಾಲು, ಬೇಳೆ, ಮಾಂಸ ಮುಂತಾದ ಆಹಾರದ ಸಸಾರಜನಕ ಭಾಗದಲ್ಲಿ ಫೀನೈಲ್‌ಅಲನೀನ್ ಎಂಬ ಅಂಶವಿರುತ್ತದೆ. ಅದನ್ನು ಪರಿವರ್ತಿಸುವ ಕಿಣ್ವವೊಂದು ಯಕೃತ್ತಿನಲ್ಲುಂಟು. ಆ ಕಿಣ್ವದ ವಂಶವಾಹಿ ಹನ್ನೆರಡನೆಯ ವರ್ಣತಂತುವಿನ ಮೇಲಿದೆ. ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿಯೇ ಬಂದ ಮಗುವಿನಲ್ಲಿ ಕಿಣ್ವ ಕೆಲಸ ಮಾಡುವುದಿಲ್ಲ. ಆಹಾರದ ಆ ಅಂಶ ರಕ್ತದಲ್ಲಿ ಶೇಖರವಾಗಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. ತಂದೆತಾಯಿಗಳಲ್ಲಿ ಒಂದೊಂದು ಪ್ರತಿ ಸರಿಯಾಗಿರುವುದರಿಂದ ಅವರಿಗೆ ಯಾವ ತೊಂದರೆಯೂ ಇರದು. ಅಂಥ ಇಬ್ಬರು ಕೂಡಿದಾಗ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಗೊಡಾರ್ಡನು ಎಲ್ಲ ಬುದ್ಧಿಮಾಂದ್ಯಕ್ಕೂ ಹೊರಿಸಿದ ಮೆಂಡೆಲನ ಕ್ರಮ ಈ ಒಂದು ಅಪರೂಪದ ರೋಗಕ್ಕೆ ಅಕ್ಷರಶಃ ಹೊಂದುತ್ತದೆ.

ಇಷ್ಟು ಅಪ್ಪಟವಾಗಿ ಆನುವಂಶಿಕವಾದ ರೋಗ ಅಪರಿಹಾರ್ಯವಾಗಿರಬೇಕಲ್ಲವೆ? ಹಾಗಾಗಲಿಲ್ಲ. ೧೯೫೩ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಆ ಅಂಶವನ್ನು ಬಹುಮಟ್ಟಿಗೆ ತೆಗೆದುಹಾಕಿದ ಆಹಾರವನ್ನು ಎರಡು ವರ್ಷದ ಮಗುವೊಂದಕ್ಕೆ ಕೊಟ್ಟು, ಅದರ ಸ್ಥಿತಿ ಸುಧಾರಿಸುವುದನ್ನೂ, ಆ ಅಂಶವನ್ನು ಮತ್ತೆ ಬೆರೆಸಿದಾಗ ಹದಗೆಡುವುದನ್ನೂ ತೋರಿಸಿದರು. ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹಸುಗೂಸಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ರೋಗವನ್ನು ಪತ್ತೆಮಾಡುವ ಸುಲಭ ಪರೀಕ್ಷೆಯನ್ನು ರೂಪಿಸಿದನು. ಹುಟ್ಟಿದ ಮೊದಲ ವಾರಗಳಲ್ಲಿಯೇ ಪಥ್ಯವನ್ನು ಆರಂಭಿಸಿ ನಿಷ್ಠೆಯಿಂದ ಮುಂದುವರಿಸಿದರೆ ಮಗು ಬೇರೆ ಮಕ್ಕಳಂತೆಯೇ ಶಾಲೆಗೆ ಹೋಗಿ ಓದುತ್ತದೆ. ವಂಶವಾಹಿ ಮಾತ್ರ ಮೊದಲಿನಂತೆಯೇ ಇರುತ್ತದೆ.

ಪರ್ಲ್ ಬಕ್ಕಳ ಮಗಳಿಗೆ ಇದ್ದದ್ದು ಈ ರೋಗವೇ ಎಂಬುದು ಪುಸ್ತಕ ಪ್ರಕಟವಾಗಿ ವರ್ಷಗಳಾದ ಮೇಲೆ ತಿಳಿದುಬಂದಿತು. ‘ವಂಶದಲ್ಲಿ ಏನೋ ಇದೆ’ ಎಂಬ ಮಾತನ್ನು ತಾಯಿ ಅಷ್ಟು ಬಲವಾಗಿ ಪ್ರತಿಭಟಿಸಿದ್ದಳಷ್ಟೆ. ಆ ಮಾತು ಅಕ್ಷರಾರ್ಥದಲ್ಲಿ ನಿಜವಾಗಿತ್ತು. ಆದರೆ ಅದರಿಂದ ಜನ ಯಾವ ಅರ್ಥವನ್ನು ಹಿಂಡುತ್ತಿದ್ದರೋ ಅದು ನಿಜವಾಗಿರಲಿಲ್ಲ. ಗೊಡಾರ್ಡನ ಡೆಬೊರಾಳಲ್ಲಿ ಆನುವಂಶಿಕ ದೋಷವಿತ್ತೆನ್ನಲು ಆಧಾರವೇ ಇಲ್ಲ. ಆಕೆ ೧೯೭೮ರಲ್ಲಿ ತೀರಿಕೊಳ್ಳುವವರೆಗೆ, ೮೧ ವರ್ಷ, ವೈನ್‌ಲ್ಯಾಂಡಿನ ಈ ಶಾಲೆಯಲ್ಲಿಯೂ ಎದುರಿಗಿದ್ದ ಇನ್ನೊಂದು ಸಂಸ್ಥೆಯಲ್ಲಿಯೂ ಕಳೆದಳು. ನಿಜವಾಗಿ ಆನುವಂಶಿಕ ರೋಗವಿದ್ದ ಬಕ್ಕಳ ಮಗಳು ಕೆಲವು ದಶಕಗಳಷ್ಟು ತಡವಾಗಿ ಹುಟ್ಟಿದ್ದರೆ ಆ ಶಾಲೆಯ ಹೊಸಲನ್ನೇ ತುಳಿಯಬೇಕಾಗಿರಲಿಲ್ಲ. ಆಕೆ ಅಲ್ಲಿಯೇ ಇದ್ದು ೧೯೯೨ರಲ್ಲಿ ತೀರಿಕೊಂಡಳು.

ಬೀಜ ಮತ್ತು ಕ್ಷೇತ್ರಗಳೆಂಬ ನಮ್ಮ ಹಳ್ಳಿಯ ರೈತನೂ ಬಲ್ಲ ವಿಭಾಗವನ್ನೇ ಈ ರೋಗ ಗೊಂದಲಗೊಳಿಸುತ್ತದೆಂಬುದನ್ನೂ ಗಮನಿಸಬೇಕು. ಪಥ್ಯದಿಂದ ಚೆನ್ನಾಗಿ ಬೆಳೆದ ಹೆಣ್ಣುಮಗಳು ದೊಡ್ಡವಳಾದ ಮೇಲೆ ಪಥ್ಯವನ್ನು ಬಿಟ್ಟು ಗರ್ಭಿಣಿಯಾದರೆ, ಆಕೆಯ ರಕ್ತದಲ್ಲಿ ಶೇಖರವಾದ ಅಂಶ ಗರ್ಭದ ಶಿಶುವಿನ ಮಿದುಳನ್ನು ಕೆಡಿಸುತ್ತದೆ. ಆ ಶಿಶುವಿಗೆ ಸ್ವತಃ ರೋಗವಿಲ್ಲದಿದ್ದರೂ ಹೀಗಾಗುವುದುಂಟು. ತಾಯಿಯ ಪಾಲಿಗೆ ಬೀಜದೋಷವಾಗಿದ್ದದ್ದು ಮಗುವಿನ ಪಾಲಿಗೆ ಕ್ಷೇತ್ರದೋಷವಾಗುತ್ತದೆ. ಇಂಥಲ್ಲಿ ಇಷ್ಟು ಪಾಲು ಬೀಜದ್ದು, ಇಷ್ಟು ಪಾಲು ಕ್ಷೇತ್ರದ್ದು ಎಂದು ಗೆರೆ ಎಳೆಯುವುದು ಅರ್ಥಹೀನ.

ಶಾಸ್ತ್ರಜ್ಞರು ಹೇಳುವ ಆನುವಂಶಿಕ ಪ್ರಮಾಣದ ಅರ್ಥವನ್ನೂ ಈ ಉದಾಹರಣೆಯಿಂದಲೇ ತಿಳಿಯಬಹುದು. ಎಲ್ಲ ಮಕ್ಕಳೂ ಒಂದೇ ಬಗೆಯ ಆಹಾರವನ್ನು ತಿನ್ನುತ್ತಿದ್ದ ಕಾಲದಲ್ಲಿ ರೋಗ ಬಂದವರಿಗೂ ಬಾರದವರಿಗೂ ಇದ್ದ ವ್ಯತ್ಯಾಸಕ್ಕೆ ವಂಶವಾಹಿಯೊಂದೇ ಕಾರಣವಾಗಿತ್ತು. ಪ್ರಮಾಣ ನೂರಕ್ಕೆ ನೂರು. ಪಥ್ಯ ಬಂದ ಮೇಲೆ ಅದೇ ವಂಶವಾಹಿಯನ್ನು ಪಡೆದ ಇಬ್ಬರು ಮಕ್ಕಳ ಗತಿ ಬೇರೆ ಬೇರೆಯಾಯಿತು. ಪ್ರಮಾಣ ತಾನಾಗಿಯೇ ಇಳಿಯಿತು. ಆದ್ದರಿಂದ ಆ ಅಂಕಿ ಒಂದು ಕಾಲದ ಒಂದು ಜನಸಮುದಾಯದಲ್ಲಿ ಕಂಡ ವ್ಯತ್ಯಾಸಗಳ ಲೆಕ್ಕವೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯದ ಲೆಕ್ಕವಲ್ಲ.

೬

ಇಲ್ಲಿಂದ ಒಂದು ವಿಪರೀತ ತೀರ್ಮಾನಕ್ಕೆ ಹಾರಬಾರದು. ಗೊಡಾರ್ಡನು ತಪ್ಪಿದನೆಂದ ಮಾತ್ರಕ್ಕೆ ಮನಸ್ಸಿನ ಮೇಲೆ ಅನುವಂಶೀಯತೆಯ ಪ್ರಭಾವವೇ ಇಲ್ಲವೆಂದು ಹೇಳಲಾಗದು. ಹಾಗೆ ಹೇಳಿದವರೂ ಇದ್ದರು, ಅವರಿಂದಲೂ ಅನ್ಯಾಯವಾಯಿತು. ಛಿದ್ರಮನಸ್ಕತೆ ಎಂದು ನಾವು ಕರೆಯುವ ಸ್ಕಿಜೋಫ್ರೀನಿಯ ರೋಗಕ್ಕೆ ತಾಯಿಯ ನಡವಳಿಕೆಯೇ ಕಾರಣವೆಂಬ ಮಾತು ೧೯೪೮ರಿಂದ ಕೆಲವು ಕಾಲ ಬಲವಾಗಿ ನಡೆಯಿತು. ಮಕ್ಕಳ ಆಟಿಸಂಗೆ ತಂದೆತಾಯಿಗಳ ತಣ್ಣನೆಯ ಮನಸ್ಸೇ ಕಾರಣವೆಂದು ೧೯೬೭ರಲ್ಲಿ ಬ್ರೂನೋ ಬೆಟೆಲ್‌ಹೈಮ್ ಒಂದು ಗ್ರಂಥವನ್ನೇ ಬರೆದನು. ಬೀಜವಲ್ಲವೆಂದೊಡನೆ ಅಪರಾಧ ತೊಟ್ಟಿಲು ತೂಗಿದವಳ ಮೇಲೆ ಬಿದ್ದಿತು. ಡೆನ್ಮಾರ್ಕಿನ ದತ್ತುಮಕ್ಕಳ ಮೇಲೆ ನಡೆದು ೧೯೬೮ರಲ್ಲಿ ಪ್ರಕಟವಾದ ಅಧ್ಯಯನ ಈ ಹೊರೆಯನ್ನು ಇಳಿಸಲು ನೆರವಾಯಿತು. ಛಿದ್ರಮನಸ್ಕತೆ ಮತ್ತು ಅದಕ್ಕೆ ಹತ್ತಿರದ ತೊಂದರೆಗಳು ರೋಗಿಯನ್ನು ಸಾಕಿದ ಮನೆಯವರಿಗಿಂತ ಹೆತ್ತವರ ಕಡೆಯ ರಕ್ತಸಂಬಂಧಿಗಳಲ್ಲಿ ಹೆಚ್ಚಾಗಿ ಕಂಡುಬಂದುವು.

ಆದರೆ ಇಲ್ಲಿಯ ಅನುವಂಶೀಯತೆ ಗೊಡಾರ್ಡನು ಕಲ್ಪಿಸಿದ ಬಗೆಯದಲ್ಲ. ೨೦೨೨ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ೭೬,೭೫೫ ರೋಗಿಗಳನ್ನು ಪರೀಕ್ಷಿಸಿ ವಂಶದ್ರವ್ಯದ ೨೮೭ ಸ್ಥಾನಗಳು ಈ ರೋಗಕ್ಕೆ ಸಂಬಂಧಪಟ್ಟಿವೆಯೆಂದು ಕಂಡುಕೊಳ್ಳಲಾಯಿತು. ಅವುಗಳಲ್ಲಿ ಒಂದೊಂದರ ಪ್ರಭಾವವೂ ಅತ್ಯಲ್ಪ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಸಂದರ್ಭಗಳಲ್ಲಿ. ಒಂದೇ ವಂಶವಾಹಿಯಲ್ಲಿ ಮನಸ್ಸಿನ ಗುಟ್ಟನ್ನು ಹುಡುಕುವ ಆಸೆ ಮಾತ್ರ ಬೇಗ ಸಾಯುವುದಿಲ್ಲ. ಸೆರೊಟೋನಿನ್ ಎಂಬ ರಸಕ್ಕೆ ಸಂಬಂಧಿಸಿದ ವಂಶವಾಹಿಯೊಂದರ ರೂಪಭೇದ, ಕಷ್ಟಕ್ಕೆ ಸಿಕ್ಕಿದವರನ್ನು ಖಿನ್ನತೆಗೆ ಈಡುಮಾಡುವುದೆಂದು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆ ಲೋಕಪ್ರಸಿದ್ಧವಾಯಿತು. ಲಕ್ಷಗಟ್ಟಲೆ ಜನರ ಮಾಹಿತಿಯನ್ನು ೨೦೧೯ರಲ್ಲಿ ಪರಿಶೀಲಿಸಿದಾಗ ಅದಕ್ಕೆ ಬೆಂಬಲ ದೊರೆಯಲಿಲ್ಲ. ಕಾಲಿಕಾಕ್ ಕಥೆಗೂ ಇದಕ್ಕೂ ಪ್ರಾಮಾಣಿಕತೆಯಲ್ಲಿ ಬಹಳ ಅಂತರವಿದ್ದರೂ, ಸರಳವಾದ ಕಥೆಯನ್ನು ಓದುಗರು ಆತುರದಿಂದ ಅಪ್ಪಿಕೊಂಡ ರೀತಿ ಮಾತ್ರ ಒಂದೇ.

ಇದು ದೂರದ ದೇಶಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ೧೯೮೦ರ ದಶಕದಲ್ಲಿ ಕರ್ನಾಟಕದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದಾಗಿತ್ತು. ಗಂಡಹೆಂಡಿರಿಬ್ಬರೂ ಒಂದೇ ಪೂರ್ವಿಕನಿಂದ ಒಂದೇ ಕೆಟ್ಟ ಪ್ರತಿಯನ್ನು ಪಡೆದಿರುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚುತ್ತದೆ. ಅದೇ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಸುಗೂಸುಗಳ ರಕ್ತಪರೀಕ್ಷೆಯ ಕಾರ್ಯವನ್ನು ನಡೆಸಿದ್ದು ಈ ಹಿನ್ನೆಲೆಯಲ್ಲಿಯೇ. ಇನ್ನೊಂದು ಕಡೆ, ಹೆಣ್ಣು ನೋಡುವ ಮಾತುಕತೆಯಲ್ಲಿ ‘ಆ ಮನೆತನದಲ್ಲಿ ಹುಚ್ಚಿದೆ’ ಎಂಬ ಒಂದು ಪಿಸುಮಾತು ಎಷ್ಟು ಮನೆಗಳಲ್ಲಿ ರೋಗಿಗಳನ್ನು ಹಿತ್ತಲ ಕೋಣೆಗೆ ಸರಿಸಿದೆ, ಎಷ್ಟು ಮಂದಿಯನ್ನು ಚಿಕಿತ್ಸೆಯಿಂದ ದೂರವಿರಿಸಿದೆ ಎಂಬುದು ನಮಗೆಲ್ಲರಿಗೂ ತಿಳಿದದ್ದೇ. ಪರೀಕ್ಷೆಗೆ ದಾರಿ ತೋರಿಸಬೇಕಾದ ಮಾತೇ ಪರೀಕ್ಷೆಯನ್ನು ತಪ್ಪಿಸುವ ಕಾರಣವಾಗುತ್ತದೆ. ಹೀಗಾಗುವುದು ಮೂಲದ ಮಾತನ್ನು ಗತಿಯ ಮಾತೆಂದು ನಾವು ಓದಿಕೊಳ್ಳುವುದರಿಂದ.

ಗೊಡಾರ್ಡನ ಗ್ರಂಥವನ್ನು ಇಂದು ಶಾಸ್ತ್ರವೆಂದು ಯಾರೂ ಓದುವುದಿಲ್ಲ. ಆದರೂ ಶಾಸ್ತ್ರದ ವೇಷದಲ್ಲಿ ಬಂದ ಕಥೆಯನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಅದು ಒಳ್ಳೆಯ ಪಾಠ್ಯವಾಗಬಲ್ಲದು. ಮನಶ್ಶಾಸ್ತ್ರದ ತರಗತಿಯಲ್ಲಿ ಮಾತ್ರವಲ್ಲ, ಸಾಹಿತ್ಯದ ತರಗತಿಯಲ್ಲಿಯೂ. ಪಕ್ಕದಲ್ಲಿ ಪರ್ಲ್ ಬಕ್ಕಳ ಪುಸ್ತಕವನ್ನಿಟ್ಟುಕೊಂಡರೆ ಸತ್ಯವನ್ನು ನೋಡುವ ಕಣ್ಣೂ ಕೆಲವೊಮ್ಮೆ ಕಾಲದ ಪ್ರಮೇಯವನ್ನು ದಾಟಲಾರದೆಂಬುದು ಗೊತ್ತಾಗುತ್ತದೆ. ಇನ್ನು ಮುಂದೆ ಯಾವುದಾದರೂ ರೋಗವನ್ನೋ ಗುಣವನ್ನೋ ‘ಆನುವಂಶಿಕ’ವೆಂದು ಹೇಳಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳುವಂತಾಗಬೇಕು. ಇದನ್ನು ಕಂಡುಹಿಡಿದದ್ದು ಹೇಗೆ? ಎಷ್ಟು ಮಂದಿಯ ವಿಷಯ ತಿಳಿಯದೆ ಉಳಿದಿದೆ? ಇದರ ಬಗ್ಗೆ ಈಗ ಏನು ಮಾಡಬಹುದು? ಮೊದಲನೆರಡು ಪ್ರಶ್ನೆಗಳನ್ನು ಗೊಡಾರ್ಡನ ಓದುಗರು ಕೇಳಲಿಲ್ಲ. ಮೂರನೆಯದನ್ನು ವಾಸನೆಯ ಕಾರಣವನ್ನು ಹುಡುಕಿ ಬಂದ ಆ ನಾರ್ವೆಯ ತಾಯಿ ಕೇಳಿದಳು. ಆಕೆಯ ಮಕ್ಕಳಿಗೆ ಉಪಯೋಗವಾಗದಿದ್ದರೂ ಆಮೇಲೆ ಹುಟ್ಟಿದ ಸಾವಿರಾರು ಮಕ್ಕಳಿಗೆ ಅದರಿಂದ ಉಪಕಾರವಾಯಿತು.